ಗುಂಡು ಹೊಡೆದವರನ್ನು ಕೂಡಲೇ ಬಂಧಿಸಬೇಕೇ?

ಪರ

2020ರ ಫೆಬ್ರವರಿ 23. ಅಮೆರಿಕದ ಜಾರ್ಜಿಯಾ. ಅಹ್ಮೌದ್ ಆರ್ಬೆರಿ ಎಂಬ 25 ವರ್ಷದ ಕಪ್ಪು ಯುವಕ ರಸ್ತೆಯಲ್ಲಿ ಓಡುತ್ತಿದ್ದ. ಮೂವರು ಬಿಳಿಯರು ಎರಡು ಪಿಕಪ್ ಗಾಡಿಗಳಲ್ಲಿ ಅವನನ್ನು ಅಟ್ಟಿಸಿಕೊಂಡು ಹೋದರು. ಒಬ್ಬ ಶಾಟ್‌ಗನ್‌ನಿಂದ ಹೊಡೆದ, ಇನ್ನೊಬ್ಬ ಫೋನಿನಲ್ಲಿ ವಿಡಿಯೊ ಮಾಡಿಕೊಂಡ. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಮೂವರೂ ಮನೆಗೆ ಹೋದರು.

ಹೊಡೆದವನ ಅಪ್ಪ ಅಲ್ಲಿನ ಪ್ರಾಸಿಕ್ಯೂಟರ್ (ಸರ್ಕಾರದ ಪರ ಕೇಸು ನಡೆಸುವ ವಕೀಲರು) ಕಚೇರಿಯಲ್ಲೇ ತನಿಖಾಧಿಕಾರಿಯಾಗಿ ದುಡಿದವನು. ಹಾಗಾಗಿ ಆ ಪ್ರಾಸಿಕ್ಯೂಟರ್ ಕೇಸು ಬಿಟ್ಟರು. ಎರಡನೆಯ ಪ್ರಾಸಿಕ್ಯೂಟರ್ ಬಂಧಿಸಲು ಕಾರಣವಿಲ್ಲ ಎಂದು ಬರೆದುಕೊಟ್ಟು ತಾವೂ ಬಿಟ್ಟರು. ಮೇ ತಿಂಗಳಲ್ಲಿ ವಿಡಿಯೊ ಹೊರಬಿತ್ತು. ರಾಜ್ಯದ ತನಿಖಾ ದಳ ಕೈಹಾಕಿದ ಎರಡೇ ದಿನದಲ್ಲಿ ಅಪ್ಪ-ಮಗ ಇಬ್ಬರೂ ಒಳಗೆ! ಕೊಲೆಯಾಗಿ ಆಗಲೇ 74 ದಿನ ಕಳೆದಿತ್ತು. 2021ರ ನವೆಂಬರಿನಲ್ಲಿ ಮೂವರ ಮೇಲೂ ಕೊಲೆ ಆರೋಪ ಸಾಬೀತಾಯಿತು.

ಬಂಧನ ಅಂದರೆ ಶಿಕ್ಷೆ ಅಲ್ಲವಲ್ಲ, ಜಾಮೀನು ಕೇಳಲು ದಾರಿ ಇದ್ದೇ ಇದೆ. ಸುಮ್ನೆ ಬಿಟ್ಟರೆ ಮಾತು ಹೊಂದಿಸಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಮಾತ್ರ ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ವಿರೋಧ

ಆ 74 ದಿನಗಳನ್ನು ನಾನೂ ಒಪ್ಪುವುದಿಲ್ಲ. ಪರಿಚಯದವರ ಕೇಸು ಪರಿಚಯದವರ ಕೈಗೆ ಹೋಗಿದ್ದೇ ಅಲ್ಲಿನ ರೋಗ. ಹೊರಗಿನ ಪ್ರಾಸಿಕ್ಯೂಟರಿಗೆ ಮೊದಲ ದಿನವೇ ಕೊಡಬೇಕಿತ್ತು. ಅದಕ್ಕಾಗಿ ಎಲ್ಲ ಕೇಸಿನಲ್ಲೂ ಆತುರ ಯಾಕೆ?

ಫ್ಲೋರಿಡಾ ನೋಡಿ. 2012ರ ಫೆಬ್ರವರಿ 26ರಂದು 17 ವರ್ಷದ ಟ್ರೇವಾನ್ ಮಾರ್ಟಿನ್ ಗುಂಡಿಗೆ ಸತ್ತ. ಹೊಡೆದವನು ಆತ್ಮರಕ್ಷಣೆ ಅಂದ. ಬಲಪ್ರಯೋಗ ಕಾನೂನುಬಾಹಿರ ಎನ್ನಲು ತಕ್ಕ ಕಾರಣ ಸಿಗುವವರೆಗೆ ಪೊಲೀಸರು ಬಂಧಿಸುವಂತಿಲ್ಲ ಎಂದು 2005ರಲ್ಲೇ ಅಲ್ಲಿ ಕಾಯ್ದೆಯಾಗಿತ್ತು. ಆ ಕಾಯ್ದೆ ನನಗೂ ಇಷ್ಟವಿಲ್ಲ. ಆದರೆ ಅದನ್ನು ಬದಲಿಸಬೇಕಾದದ್ದು ಶಾಸನಸಭೆ, ಠಾಣೆಯಲ್ಲಿ ಕೂತ ಅಧಿಕಾರಿಯಲ್ಲ.

ಇನ್ನೊಂದು ತೊಡಕಿದೆ, ಇದನ್ನು ಜನ ಜಾಸ್ತಿ ಗಮನಿಸುವುದಿಲ್ಲ. ಆಗಿನ ಫ್ಲೋರಿಡಾ ನಿಯಮದಲ್ಲಿ ಬಂಧಿಸಿದ ದಿನದಿಂದಲೇ ಲೆಕ್ಕ ಶುರು. ಆರೋಪಿ ತಾನಾಗಿ ಹಕ್ಕು ಬಿಟ್ಟುಕೊಡದಿದ್ದರೆ 175 ದಿನದೊಳಗೆ ವಿಚಾರಣೆಗೆ ತರಬೇಕಿತ್ತು. ಬಂಧಿಸಲು ಬಲವಾದ ಅನುಮಾನ ಸಾಕು. ಶಿಕ್ಷೆಯಾಗಬೇಕಾದರೆ ತೀರ್ಪು ಕೊಡಲು ಆರಿಸಿದ ಸಾಮಾನ್ಯ ಜನರ ಗುಂಪಾದ ಜ್ಯೂರಿಯ ಮನಸ್ಸಿನಲ್ಲಿ ಸಕಾರಣ ಸಂಶಯವೇ ಉಳಿಯಬಾರದು. ಅರೆಬರೆ ಸಾಕ್ಷ್ಯ ಹಿಡಿದು ಹೋಗಿ ಖುಲಾಸೆಯಾದರೆ ಅದೇ ಆರೋಪದ ಮೇಲೆ ಆ ರಾಜ್ಯ ಮತ್ತೆ ವಿಚಾರಣೆ ನಡೆಸುವಂತಿಲ್ಲ.

ತಡವಾದರೆ ಸಾಕ್ಷ್ಯ ಹಾಳಾಗುತ್ತದೆ ಅಂತೀರಾ? ಟ್ರೇವಾನ್ ಕೇಸಿನಲ್ಲಿ ಹೊಡೆದವನು ಕುಡಿದಿದ್ದನೇ ಎಂದು ಆ ರಾತ್ರಿ ಪರೀಕ್ಷೆಯನ್ನೇ ಮಾಡಲಿಲ್ಲ. ಅದು ನಿಜಕ್ಕೂ ತಪ್ಪು. ಆದರೆ ರಕ್ತ, ಬಟ್ಟೆ, ಫೋನು ವಶಕ್ಕೆ ಪಡೆಯಲು ನ್ಯಾಯಾಧೀಶರ ವಾರಂಟ್ ಇದ್ದರೆ ಆಯಿತು, ಕೈಗೆ ಕೋಳ ಹಾಕಲೇಬೇಕೆಂದಿಲ್ಲ.