ಕಟಕಟಾನಾ, ಟಕಟಕಾನಾ?

"ಕಟಕಟ ಅನ್ನುತ್ತಾ ಸಾರ್, ಟಕಟಕ ಅನ್ನುತ್ತಾ?"

ಮೆಕ್ಯಾನಿಕ್ ಹೀಗೆ ಕೇಳಿದಾಗ ನಾನು ತಬ್ಬಿಬ್ಬಾದೆ. ಬೆಳಿಗ್ಗೆಯಿಂದ ಕಾರು ಮಾಡುತ್ತಿದ್ದ ಸದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಗ್ಯಾರೇಜಿನ ಬಾಗಿಲು ದಾಟಿದ್ದೇ ತಡ, ಕಾರು ಗಪ್‌ಚಿಪ್. ಡಾಕ್ಟರ ಎದುರು ಕೂತ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಈಗ ಸದ್ದು ಮಾಡುವ ಕೆಲಸ ನನ್ನ ತಲೆಗೆ ಬಂತು.

"ಮೊದಲು ಕಟ್ ಅನ್ನುತ್ತೆ. ಆಮೇಲೆ ಕಟ ಕಟ ಕಟ. ತಿರುವಿನಲ್ಲಿ ಜಾಸ್ತಿ."

"ಸರಿಯಾಗಿ ಮಾಡಿ ತೋರಿಸಿ."

ಮಾಡಿ ತೋರಿಸಿದೆ. ಇಲ್ಲದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ, ಬಾಯಲ್ಲಿ ಕಟಕಟ ಅನ್ನುತ್ತಾ. ಪಕ್ಕದಲ್ಲಿ ಟೈರು ಬಿಚ್ಚುತ್ತಿದ್ದ ಹುಡುಗ ಸ್ಪ್ಯಾನರ್ ಕೆಳಗಿಟ್ಟು ನೋಡತೊಡಗಿದ. ಮೆಕ್ಯಾನಿಕ್ ಮಾತ್ರ ನಗಲಿಲ್ಲ. ಮುಂದಿನ ಚಕ್ರದ ಹಿಂದೆ ಕೈ ಹಾಕಿ, ಹೊರಗೆ ತೆಗೆದು ತೋರಿಸಿದರು. ಬೆರಳ ತುಂಬಾ ಕರಿ ಗ್ರೀಸು. ಆಕ್ಸಲ್ ತುದಿಯ ರಬ್ಬರ್ ಬೂಟು ಹರಿದು, ಗ್ರೀಸೆಲ್ಲ ಆಚೆ ಬಂದು, ಮಣ್ಣು ಒಳಗೆ ಹೋಗಿತ್ತು.

"ಸಿವಿ ಜಾಯಿಂಟ್ ಸಾರ್, ಚಕ್ರಕ್ಕೆ ಇಂಜಿನ್ ಶಕ್ತಿ ಮುಟ್ಟಿಸೋ ಕೀಲು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಳೆದಾಗ ಕಟಕಟ ಅಂದರೆ ಇದೇ. ನೀವು ಟಕಟಕ ಅಂದಿದ್ರೆ ಟ್ಯಾಪೆಟ್ ನೋಡ್ತಿದ್ದೆ."

ಒಂದು ಅಕ್ಷರ ಹಿಂದೆ ಮುಂದೆ ಆಗಿದ್ದರೆ ಇಂಜಿನ್ನೇ ಬಿಚ್ಚುತ್ತಿದ್ದರು! ಶಾಲೆಯಲ್ಲಿ ಅನುಕರಣಾವ್ಯಯ ಅಂತ ಒಂದು ಪಾಠ ಇತ್ತು. ಚಟಚಟ, ಪಟಪಟ, ಧಗಧಗ. ಇದನ್ನು ಕಲಿತು ಯಾವ ಊರು ಉದ್ಧಾರ ಅಂತ ಆಗ ಅಂದುಕೊಂಡಿದ್ದೆ. ಹದಿನಾರು ವರ್ಷದ ಕಾರು ಇಟ್ಟುಕೊಂಡವನಿಗೆ ಇಡೀ ವ್ಯಾಕರಣದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಅವತ್ತಿನಿಂದ ನಾನು ಕಿವಿ ಪಳಗಿಸತೊಡಗಿದೆ. ಬ್ರೇಕ್ ಕಿರ್ರ್ ಅಂದರೆ ಪ್ಯಾಡು ಸವೆದು ಕೊನೆಗೆ ಬಂದಿದೆ ಅಂತ. ಆ ಕಿರುಚಾಟಕ್ಕೆಂದೇ ಪ್ಯಾಡಿಗೆ ಒಂದು ಸಣ್ಣ ಲೋಹದ ನಾಲಿಗೆ ಇಟ್ಟಿರುತ್ತಾರೆ. ಎರಡು ಮೂರು ಮಿಲಿಮೀಟರ್ ಉಳಿದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಅದನ್ನೂ ಕೇಳಿಸಿಕೊಳ್ಳದೆ ಓಡಿಸಿದರೆ ಕಿರ್ರ್ ಹೋಗಿ ಗರ್ರ್ ಬರುತ್ತದೆ. ಆಗ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ, ಡಿಸ್ಕಿಗೂ ಕೈಮುಗಿಯಬೇಕು. ನಾನು ಕಿರ್ರ್‌ನಲ್ಲೇ ಎಚ್ಚೆತ್ತವನು. ಇಷ್ಟು ವರ್ಷದಲ್ಲಿ ಸಮಯಕ್ಕೆ ಸರಿಯಾಗಿ ಮಾಡಿದ ಕೆಲಸ ಇದೊಂದೇ, ಅದಕ್ಕೇ ಹೇಳಿಕೊಳ್ಳುತ್ತಿದ್ದೇನೆ.

ಗುಂಯ್ ಅನ್ನುವ ಸದ್ದು ಬಂದಾಗ ಇಷ್ಟು ಸಲೀಸಾಗಲಿಲ್ಲ. ವೇಗ ಏರಿದಂತೆ ಸದ್ದೂ ಏರುತ್ತಿತ್ತು. ಚಕ್ರದ ಬೇರಿಂಗ್ ಇರಬೇಕು ಅಂತ ನನ್ನ ಊಹೆ. ಆದರೆ ಎಡದ್ದಾ, ಬಲದ್ದಾ? ಅದಕ್ಕೊಂದು ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬಲಕ್ಕೆ ಎಳೆದರೆ ಕಾರಿನ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಎಡದ್ದು ಹೋಗಿದೆ ಅಂತ. ನಾನು ಬೆಳ್ಳಂಬೆಳಿಗ್ಗೆ ಒಂದು ಖಾಲಿ ರಸ್ತೆ ಹುಡುಕಿ, ಕಿಟಕಿ ಇಳಿಸಿ, ಕಿವಿ ಹೊರಗೆ ಚಾಚಿ, ಹಾವಿನ ಹಾಗೆ ಆ ಕಡೆ ಈ ಕಡೆ ಹರಿದಾಡಿದೆ. ಹಿಂದಿನಿಂದ ಬೈಕಿನಲ್ಲಿ ಬಂದವರೊಬ್ಬರು ದೂರದಲ್ಲೇ ನಿಂತು, ಕೈ ಬೀಸಿ ನನ್ನನ್ನು ನಿಲ್ಲಿಸಿದರು. "ಹುಷಾರಾಗಿದ್ದೀರಾ? ರಾತ್ರಿದು ಇಳಿದಿಲ್ವಾ?" ಬೇರಿಂಗ್ ಪರೀಕ್ಷೆ ಅಂದೆ. ಅವರು ತಲೆ ಆಡಿಸಿದ ರೀತಿ ನೋಡಿದರೆ ನಂಬಲಿಲ್ಲ. ಎಡದ್ದೇ ಹೋಗಿತ್ತು ಅನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಇಂಜಿನ್ನಿನ ಬೆಲ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅಂತ ಶುರು. ಪಕ್ಕದ ಮನೆಯ ನಾಯಿ ಅದಕ್ಕೆ ದನಿಗೂಡಿಸುತ್ತಿತ್ತು. ಇದಕ್ಕೆ ಪರೀಕ್ಷೆ ಸುಲಭ. ಇಂಜಿನ್ ಓಡುತ್ತಿರುವಾಗ ಬೆಲ್ಟಿನ ಗೀರುಗಳ ಮೇಲೆ ಒಂದಿಷ್ಟು ನೀರು ಚಿಮುಕಿಸಬೇಕು, ತೋಳು, ಟವೆಲ್ಲು ಯಾವುದೂ ಬೆಲ್ಟಿನ ಹತ್ತಿರ ಸುಳಿಯದ ಹಾಗೆ. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಬೆಲ್ಟು ಸವೆದಿದೆ, ಇಲ್ಲವೇ ಪುಲ್ಲಿ ಸೊಟ್ಟಗಿದೆ. ನೀರು ಬಿದ್ದ ಮೇಲೆ ಇನ್ನೂ ಜೋರಾದರೆ ಬಿಗಿ ಸಾಲದು, ಜಾರುತ್ತಿದೆ. ಕೈಗೆ ಸಿಕ್ಕಿದ್ದು ಹೆಂಡತಿಯ ಸ್ಟೀಲ್ ಬಾಟಲಿ. ತೆಗೆದುಕೊಂಡು ಹೋಗಿ ಚಿಮುಕಿಸಿದೆ. ಸದ್ದು ನಿಂತಿತು. ಒಂದು ನಿಮಿಷಕ್ಕೆ ಮತ್ತೆ ಕೀಂಯ್. ನನ್ನ ಖುಷಿ ನೋಡಬೇಕಿತ್ತು. ಬಾಟಲಿಯನ್ನು ಹಿಂದಿನ ಸೀಟಿನ ಮೇಲೆ ಎಸೆದು ನೇರ ಗ್ಯಾರೇಜಿಗೆ ಹೋದೆ. ಹೊಸ ಬೆಲ್ಟು ಬಿತ್ತು. ಸಂಜೆ ಹೆಂಡತಿ ಕೇಳಿದಳು, "ನನ್ನ ಬಾಟಲಿ ನೋಡಿದ್ರಾ?" ಇಲ್ಲೇ ಎಲ್ಲೋ ಇರಬೇಕು ಅಂದೆ.

ಬ್ಯಾಟರಿಯ ಕಥೆ ಇದಕ್ಕಿಂತ ಹಿಂದಿನದು. ಎರಡು ದಿನ ನಿಲ್ಲಿಸಿದರೆ ಸಾಕು, ಮೂರನೇ ದಿನ ಕೀಲಿ ತಿರುಗಿಸಿದರೆ ಟಿಕ್‌ಟಿಕ್‌ಟಿಕ್‌ಟಿಕ್. ಒಂದೇ ಒಂದು ದಪ್ಪ "ಟಕ್" ಅಂದು ಸುಮ್ಮನಾಗಿದ್ದರೆ ಸ್ಟಾರ್ಟರಿನ ಮೇಲೆ ಅನುಮಾನ ಪಡಬಹುದಿತ್ತು. ಹೀಗೆ ಪಟಪಟ ಟಿಕ್‌ಟಿಕ್ ಅಂದರೆ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಕಸುವಿಲ್ಲ. ಮಲ್ಟಿಮೀಟರ್ ಕೊಂಡೆ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. ನನ್ನದು 11.7. ಇನ್ನೊಂದು ಕಾರಿನಿಂದ ತಂತಿ ಹಾಕಿ ಸ್ಟಾರ್ಟ್ ಮಾಡಿ ನೋಡಿದರೆ 14.2. ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಪಾಪ ತನ್ನ ಕೆಲಸ ಮಾಡುತ್ತಿದೆ. ಅದನ್ನು ಪರೀಕ್ಷಿಸಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಕಿತ್ತು ನೋಡು ಅಂತ ಒಬ್ಬ ಗೆಳೆಯ ಹೇಳಿದ್ದ. ಸದ್ಯ, ನಾನು ಆ ಸಲಹೆ ಕೇಳಲಿಲ್ಲ. ಹಾಗೆ ಕಿತ್ತರೆ ವೋಲ್ಟೇಜು ಎಗರಿ ಕಾರಿನ ಕಂಪ್ಯೂಟರನ್ನೇ ಸುಡಬಹುದು.

ಹಾಗಾದರೆ ಕರೆಂಟು ಕುಡಿಯುತ್ತಿರುವ ಕಳ್ಳ ಯಾರು? ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮೀಟರ್ ಕೂಡಿಸಿದೆ. ಎಲ್ಲ ಆಫ್ ಆದ ಮೇಲೆ 50 ಮಿಲಿಆಂಪಿಯರಿಗಿಂತ ಕಡಿಮೆ ಇರಬೇಕು. ನನ್ನ ಮೀಟರ್ 420 ಅಂದಿತು. ಒಂದೊಂದೇ ಫ್ಯೂಸ್ ಕಿತ್ತೆ. ಹಾರ್ನ್ ಅಲ್ಲ. ರೇಡಿಯೋ ಅಲ್ಲ. ಒಳಗಿನ ದೀಪಗಳ ಫ್ಯೂಸ್ ಕಿತ್ತ ಕೂಡಲೇ ಮುಳ್ಳು ಬಿದ್ದ ಹಾಗೆ ಸಂಖ್ಯೆ ಕುಸಿಯಿತು. ಆದರೆ ಒಳಗಿನ ಯಾವ ದೀಪವೂ ಉರಿಯುತ್ತಿರಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಡಿಕ್ಕಿಯ ದೀಪ!

ಈಗ ನೋಡಿ ಸಮಸ್ಯೆ. ಡಿಕ್ಕಿ ತೆರೆದರೆ ದೀಪ ಉರಿಯುತ್ತದೆ, ಅದು ಅದರ ಧರ್ಮ. ಮುಚ್ಚಿದಾಗ ಉರಿಯುತ್ತದೆಯೇ ಅಂತ ತಿಳಿಯಲು ಒಳಗೆ ಯಾರಾದರೂ ಇರಬೇಕು.

"ನಾನೇ ಒಳಗೆ ಮಲಗುತ್ತೇನೆ, ನೀನು ಮುಚ್ಚು" ಅಂದೆ.

"ಮುಚ್ಚುತ್ತೇನೆ" ಅಂದಳು ಹೆಂಡತಿ. "ತೆಗೆಯುವ ವಿಷಯ ಆಮೇಲೆ ಮಾತಾಡೋಣ."

ಆಮೇಲೆ ಅವಳೇ ತನ್ನ ಫೋನಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಮುಚ್ಚಿದಳು. ಎರಡು ನಿಮಿಷ ಕಾದು ತೆಗೆದು ನೋಡಿದೆವು. ವಿಡಿಯೋದಲ್ಲಿ ಜಾಕು, ಸ್ಟೆಪ್ನಿ, ಒಂದು ಹಳೆ ಚಪ್ಪಲಿ, ಎಲ್ಲವೂ ಹಬ್ಬದ ಮನೆಯ ಹಾಗೆ ಝಗಝಗ. ಬೀಗದ ಹತ್ತಿರದ ಸ್ವಿಚ್ಚು ಒತ್ತಿಕೊಳ್ಳದೆ ಅಂಟಿಕೊಂಡಿತ್ತು. 5 ವ್ಯಾಟಿನ ಒಂದು ಪುಟ್ಟ ಬಲ್ಬು. 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 420 ಮಿಲಿಆಂಪಿಯರೇ, ಲೆಕ್ಕ ಸರಿಯಾಗಿತ್ತು. ಎರಡು ದಿನಕ್ಕೆ 20 ಆಂಪಿಯರ್-ಗಂಟೆ. ನನ್ನ ಮುದಿ ಬ್ಯಾಟರಿಯ ಹತ್ತಿರ ಉಳಿದಿದ್ದೇ ಅಷ್ಟು. ಬಲ್ಬನ್ನು ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡೆ. ರಿಪೇರಿ ಮುಗಿಯಿತು. ಸ್ವಿಚ್ಚು ಇವತ್ತಿಗೂ ಹಾಗೇ ಇದೆ. ಬೆಟ್ಟ ಅಗೆದು ಇಲಿ ಹಿಡಿದ ಮೇಲೆ ಇಲಿಗೆ ಚಿಕಿತ್ಸೆ ಬೇರೆ ಕೊಡಬೇಕಾ?

ಸದ್ದೇ ಮಾಡದ ತೊಂದರೆಗಳೂ ಇವೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ದಿನ ಹಳದಿ ಇಂಜಿನ್ ದೀಪ ಹತ್ತಿತು. ಸ್ಕ್ಯಾನರ್ ತಂದು ಚುಚ್ಚಿದೆ. ಅಮೆರಿಕದಲ್ಲಿ 1996ರಿಂದ ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಕೋಡಿನಲ್ಲಿ ಹೇಳುವ ವ್ಯವಸ್ಥೆ, ಕಡ್ಡಾಯವಾದ ಮೇಲೆ ಹೆಚ್ಚುಕಮ್ಮಿ ಎಲ್ಲ ಕಡೆಯ ಕಾರಿಗೂ ಅದೇ 16 ಪಿನ್ನಿನ ಸಾಕೆಟ್ ಬಂತು, ನನ್ನಂಥವರ ಕೈಗೆ ಸ್ಕ್ಯಾನರೂ ಬಂತು. ಪಿ-0455 ಅಂತ ಕೋಡು ತೋರಿಸಿತು. ಪೆಟ್ರೋಲಿನ ಆವಿ ದೊಡ್ಡದಾಗಿ ಸೋರುತ್ತಿದೆ ಅಂತ ಅರ್ಥ. ರಾತ್ರಿ ಎರಡು ಗಂಟೆವರೆಗೆ ಕೂತು ಕ್ಯಾನಿಸ್ಟರ್, ಪರ್ಜ್ ವಾಲ್ವ್ ಅಂತ ಓದಿದೆ. ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ನೋಡಿದರೆ ಅರ್ಧ ತಿರುವಿ ಬಿಟ್ಟಿದ್ದೆ. ಬಿಗಿ ಮಾಡಿದ ಮೇಲೂ ದೀಪ ಕೂಡಲೇ ಆರಲಿಲ್ಲ. ನಾಲ್ಕೈದು ದಿನ ಓಡಾಡಿದ ಮೇಲೆ, ಸಿಟ್ಟು ಇಳಿದ ಹಾಗೆ, ತಾನಾಗಿಯೇ ಆರಿತು.

ಇನ್ನೊಮ್ಮೆ ಕಾರಿನ ಕೆಳಗೆ ತೇವ ಕಂಡಿತು. ರಟ್ಟು ಹಾಸಿದೆ. ಕಂದು ಅಥವಾ ಕಪ್ಪಾದರೆ ಇಂಜಿನ್ ಆಯಿಲ್, ಕೆಂಪಾದರೆ ಆಟೋಮ್ಯಾಟಿಕ್ ಗೇರಿನದೋ ಪವರ್ ಸ್ಟೀರಿಂಗಿನದೋ, ಹಸಿರು ಗುಲಾಬಿ ಆದರೆ ಕೂಲಂಟ್. ಕೂಲಂಟಿಗೆ ಸಿಹಿ ವಾಸನೆ ಇರುತ್ತದೆ, ಆದರೆ ಅದು ವಿಷ, ನಾಲಿಗೆಗೆ ತಾಗಿಸಬಾರದು. ನೆಲಕ್ಕೆ ಮಂಡಿಯೂರಿ, ಬೆರಳು ಅದ್ದಿ, ಮೂಸಿ ನೋಡಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬ್ರೇಕ್ ಆಯಿಲ್ ಇರಬಹುದಾ ಅಂತ ಎದೆ ಧಸಕ್ಕೆಂದಿತು. ಹೆಂಡತಿ ಮೇಲಿನಿಂದ ನೋಡುತ್ತಿದ್ದಳು. "ಬರುವಾಗ ಏಸಿ ಹಾಕಿದ್ರಿ ಅಲ್ವಾ?" ಅಂದಳು. ಅದು ಏಸಿಯ ನೀರು. ಸೋರಲೇಬೇಕಾದ ನೀರು. ನಾನು ಮಂಡಿ ಒರೆಸಿಕೊಂಡು ಎದ್ದೆ. ಆಗಲೇ ಅವಳು ಮತ್ತೆ ಕೇಳಿದಳು, "ಬಾಟಲಿ ಸಿಕ್ತಾ?"

ಬಾಟಲಿಯ ಚಿಂತೆ ಯಾರಿಗೆ ಬೇಕಿತ್ತು? ನನ್ನ ತಲೆ ತುಂಬಾ ಹೊಸ ಸದ್ದಿತ್ತು. ಬ್ರೇಕ್ ಹಾಕಿದರೆ ಗುಡುಗುಡು ಡಬ್. ಮತ್ತೆ ಜೋರಾಗಿ ಎಳೆದರೆ ಗುಡುಗುಡು ಡಬ್. ಬೆಲ್ಟು ಬದಲಿಸಿದ ಮಾರನೇ ದಿನದಿಂದಲೇ ಶುರುವಾಗಿತ್ತು. ಅವರೇ ಏನೋ ಸಡಿಲ ಬಿಟ್ಟಿದ್ದಾರೆ ಅಂತ ಮೆಕ್ಯಾನಿಕ್ ಮೇಲೆ ಒಳಗೊಳಗೇ ಅನುಮಾನ. ನನ್ನ ತೀರ್ಪು ಇಂಜಿನ್ ಮೌಂಟ್. ಇಂಜಿನ್ನನ್ನು ಹಿಡಿದಿರುವ ರಬ್ಬರು ಸವೆದರೆ ಬ್ರೇಕಿಗೊಮ್ಮೆ, ಎಳೆತಕ್ಕೊಮ್ಮೆ ಡಬ್ ಅನ್ನುತ್ತದೆ. ಬಾನೆಟ್ ಎತ್ತಿ, ಹೆಂಡತಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಟ್ಟು, ಒಂದನೇ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಟ್ಟೆ. ಕಾರು ಒಮ್ಮೆ ನಡುಗಿ ಆಫ್ ಆಯಿತು.

"ಇಂಜಿನ್ ಅಲುಗಾಡ್ತಾ?"

"ನೀವೇ ಜಾಸ್ತಿ ಅಲುಗಾಡಿದ್ರಿ."

ಮೆಕ್ಯಾನಿಕ್‌ಗೆ ಫೋನ್ ಮಾಡಿ ಗುಡುಗುಡು ಅನ್ನಲು ಶುರು ಮಾಡಿದೆ. ಅವರು ನಡುವೆಯೇ ತಡೆದರು. "ಸಾರ್, ಬಾಯಲ್ಲಿ ಬೇಡ. ಓಡಿಸುವಾಗ ಯಾರಾದರೂ ರೆಕಾರ್ಡ್ ಮಾಡಿ ಕಳಿಸಲಿ." ಆ ಸಂಜೆಯೇ ಹೆಂಡತಿಯ ಕೈಗೆ ಫೋನು ಕೊಟ್ಟು ಹೊರಟೆ. ಎರಡು ನಿಮಿಷದ ರೆಕಾರ್ಡಿಂಗ್. ಸದ್ದಿನ ಜೊತೆಗೆ ನನ್ನ ವಿವರಣೆಯೂ ಇರಲಿ ಅಂತ ಇಂಜಿನ್ ಮೌಂಟ್, ಲೋವರ್ ಆರ್ಮ್ ಬುಷ್, ಸ್ಟೆಬಿಲೈಸರ್ ಲಿಂಕ್, ಗೊತ್ತಿದ್ದದ್ದನ್ನೆಲ್ಲ ಸೇರಿಸಿದೆ. ಕಳಿಸಿ ಹತ್ತು ನಿಮಿಷಕ್ಕೆ ಉತ್ತರ ಬಂತು.

"ಸಾರ್, ನಲವತ್ತನೇ ಸೆಕೆಂಡಿನಲ್ಲಿ ಮೇಡಂ ಏನೋ ಹೇಳಿದ್ದಾರೆ. ಅದನ್ನು ಮೊದಲು ಮಾಡಿ ನೋಡಿ."

ಹಿಂದಕ್ಕೆ ಎಳೆದು ಕೇಳಿದೆ. ಲೋವರ್ ಆರ್ಮ್ ಬುಷ್ ಬಗ್ಗೆ ನಾನು ಜೋರಾಗಿ ಹೇಳುತ್ತಿರುವಾಗ ಸಣ್ಣ ದನಿಯಲ್ಲಿ ಅವಳ ಮಾತಿತ್ತು. "ಸೀಟಿನ ಕೆಳಗೆ ಒಂದ್ಸಲ ಕೈ ಹಾಕಿ ನೋಡ್ರೀ."

ಹಾಕಿದೆ. ಒಳಗೆ ಇನ್ನೂ ಅರ್ಧ ನೀರಿತ್ತು.