ಸತ್ಯಾಂಶ: 21 ದಿನದಲ್ಲಿ ಓದು ರೂಢಿಯಾಗುತ್ತದೆಯೇ?

"21 ದಿನ ಬಿಡದೆ ಒಂದೇ ಹೊತ್ತಿಗೆ ಓದಿದರೆ ಅಭ್ಯಾಸವಾಗುತ್ತದೆ, ಒಂದು ದಿನ ತಪ್ಪಿದರೂ ಮೊದಲಿನಿಂದ ಎಣಿಸಿ" ಎಂಬ ಸಂದೇಶ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡು ಮಾತೂ ಸರಿಯಲ್ಲ.

ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ಹೊಸ ಮುಖಕ್ಕೆ ಒಗ್ಗಿಕೊಳ್ಳಲು 'ಕನಿಷ್ಠ' ಸುಮಾರು 21 ದಿನ ಬೇಕೆಂದು ಅವರು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿದಾಗ, ಊಟ, ವ್ಯಾಯಾಮಕ್ಕೆ ಸಂಬಂಧಿಸಿದ ಸಣ್ಣ ಅಭ್ಯಾಸಕ್ಕೇ ಅಂದಾಜು 18ರಿಂದ 254 ದಿನ ಬೇಕೆಂದು ಕಂಡಿತು, ನಡುಮಟ್ಟ 66. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ 'ಒಂದೇ ಹೊತ್ತು' ನಡೆಯುವ ಮಾತಲ್ಲ. ಲ್ಯಾಬ್ ಇದ್ದ ದಿನ ಮನೆ ಸೇರುವುದೇ ತಡ. ಆದ್ದರಿಂದ ಓದನ್ನು ಗಡಿಯಾರಕ್ಕಲ್ಲ, ಒಂದು ಕೆಲಸಕ್ಕೆ ಗಂಟುಹಾಕಿ: ಕಾಫಿ ಕುಡಿದ ಕೂಡಲೇ 45 ನಿಮಿಷ, ಹೀಗೆ. ಭಾನುವಾರ ಸಂಜೆ ವಾರದ ಹಾಳೆಯಲ್ಲಿ ಮೊದಲು ನಿದ್ದೆ, ತರಗತಿ, ಪ್ರಯಾಣ ಬರೆಯಿರಿ. ಉಳಿದ ಜಾಗದಲ್ಲಷ್ಟೇ ಓದು. ಬುಧವಾರ, ಶನಿವಾರ ಒಂದೊಂದು ಗಂಟೆ ತಪ್ಪಿದ ಪಾಠಕ್ಕೆಂದು ಖಾಲಿ ಬಿಡಲೇಬೇಕು. ಹೀಗೆ ಖಾಲಿ ಜಾಗ ಇಡದಿದ್ದರೆ ವೇಳಾಪಟ್ಟಿ ಸುಲಭವಾಗಿ ಕೆಡುತ್ತದೆ. ತಪ್ಪಿದ ಪಾಠ ಮರುದಿನದ ತಲೆಮೇಲೆ ಬಿದ್ದರೆ ಎರಡು ದಿನದ ಓದೂ ಹೋಗುತ್ತದೆ. ರೈಲಿನಲ್ಲಿ ಹೊಸ ಲೆಕ್ಕ ಬೇಡ, ಸೂತ್ರಗಳ ಪುನರಾವರ್ತನೆ ಸಾಕು.