ಹುಬ್ಬಳ್ಳಿಗೆ ಹೋಗೋ ದಾರಿ ಬೆಂಗಳೂರಿನ ಮೇಲೆ

ನಮ್ಮ ಅಕ್ಕನ ಮಗ ಎಂಜಿನಿಯರಿಂಗ್ ಮುಗಿಸಿದ. ಹುಟ್ಟಿದ್ದು ಹುಬ್ಬಳ್ಳಿ, ಓದಿದ್ದು ಹುಬ್ಬಳ್ಳಿ, ದುರ್ಗದ ಬೈಲಿನಲ್ಲಿ ಮಿರ್ಚಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದೂ ಹುಬ್ಬಳ್ಳಿಯಲ್ಲೇ. ಇನ್ನು ಕೆಲಸವೂ ಅಲ್ಲೇ ಸಿಕ್ಕಿಬಿಟ್ಟರೆ ಸಾಕು ಅನ್ನೋದು ಅವನ ಆಸೆ. ವಿದ್ಯಾನಗರದ ಮನೆಯ ಮಾಳಿಗೆ ಮೇಲೆ ಅವನದೇ ಒಂದು ಖೋಲಿ ಇದೆ. ಒಂದು ಮಂಚ, ಒಂದು ಟೇಬಲ್ಲು, ಕಿಟಕಿ ತೆಗೆದರೆ ಪಕ್ಕದ ಮನೆಯವರ ಪೇರಲ ಗಿಡ. ಬಾಡಿಗೆ ಸೊನ್ನೆ. ರೊಟ್ಟಿಗೆ ಬಿಲ್ಲಿಲ್ಲ.

ಇಂಥ ಹುಡುಗನನ್ನು ಎಲ್ಲರೂ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು, ಅಲ್ವಾ? ಯಾಕಂದರೆ ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಹೊಸ ಪದವೀಧರರು ಬೆಂಗಳೂರಿಗೆ ಮುಗಿಬೀಳಬಾರದು. ಖರ್ಚು ಕಮ್ಮಿ ಇರೋ, ಜೀವಕಳೆ ಇರೋ ಊರಿಗೆ ಹೋಗಬೇಕು. ಹುಬ್ಬಳ್ಳಿಯಲ್ಲಿ ಬಾಡಿಗೆ ಕಮ್ಮಿ, ಗಾಳಿ ಚೆಂದ, ಮನೆಯಿಂದ ಆಫೀಸಿಗೆ ಹದಿನೈದು ನಿಮಿಷ. ಇದನ್ನೆಲ್ಲ ಓದಿ ಅಳಿಯನಿಗೆ ಬಹಳ ಖುಷಿಯಾಯಿತು. ತಾನು ಆಗಲೇ ಅಲ್ಲೇ ಇದ್ದೇನಲ್ಲ, ಅರ್ಧ ಕೆಲಸ ಮುಗಿಯಿತು ಅಂದುಕೊಂಡ. ಪಾಪ.

ಐಟಿ ಕೆಲಸಗಳನ್ನು ಬೇರೆ ಊರುಗಳಿಗೂ ಹಂಚೋ ಈ ಯೋಜನೆಗೆ ಒಂದು ಹೆಸರೂ ಇದೆ. ಬಿಯಾಂಡ್ ಬೆಂಗಳೂರು. ಅಂದರೆ ಬೆಂಗಳೂರಾಚೆ. ಮೈಸೂರು ಒಂದು ಕ್ಲಸ್ಟರ್, ಮಂಗಳೂರು ಒಂದು ಕ್ಲಸ್ಟರ್, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಮೂರನ್ನೂ ಸೇರಿಸಿ ಇನ್ನೊಂದು. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ನಿನವರು ಇದನ್ನು ಹೇಳುತ್ತಲೇ ಬಂದಿದ್ದಾರೆ. ನಾನು ಫೋನಿನಲ್ಲಿ ಅಳಿಯನಿಗೆ ಇದನ್ನು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಮಾಮಾ, ನಮ್ಮ ಮನಿ ಮುಂದ ನಿಂತು ನೋಡಿದ್ರ ಆಚೆ ಇರೋದು ಬೆಂಗಳೂರಲ್ಲೇನ್ರಿ?"

ಹೌದಲ್ಲ! ಈ ಹೆಸರಿಟ್ಟವರು ಎಲ್ಲಿ ನಿಂತಿದ್ದರು ಅನ್ನೋದು ಹೆಸರಿನಲ್ಲೇ ಗೊತ್ತಾಗಿಬಿಡುತ್ತದೆ.

ಇಂಥದ್ದೇ ಒಂದು ಸೆಮಿನಾರಿಗೆ ನಾನೂ ಒಮ್ಮೆ ಹೋಗಿದ್ದೆ. ಎಲ್ಲಿ ಅಂತ ಕೇಳಬೇಡಿ. ಬೆಂಗಳೂರಾಚೆ ಹೋಗುವ ಚರ್ಚೆ ಬೆಂಗಳೂರಿನ ಒಳಗಲ್ಲದೆ ಇನ್ನೆಲ್ಲಿ ನಡೆಯಬೇಕು? ಹೋಟೆಲಿನ ಎಸಿ ಸಭಾಂಗಣ. ಹತ್ತು ಗಂಟೆಯ ಭಾಷಣಕಾರರು ಹನ್ನೊಂದೂಕಾಲಿಗೆ ಬಂದರು. ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೆ, ಕ್ಷಮಿಸಿ ಅಂದರು. ಎಲ್ಲರೂ ನಕ್ಕರು. ನಮ್ಮೂರಲ್ಲಿ ಇದು ಕ್ಷಮೆಯಲ್ಲ, ಕುಶಲೋಪರಿ. ಆಮೇಲೆ ಅವರು ಸ್ಲೈಡ್ ಹಾಕಿದರು. 2022ರಲ್ಲಿ ಊರೂರಿನ ಟ್ರಾಫಿಕ್ ಅಳೆಯೋ ಟಾಮ್‌ಟಾಮ್ ಕಂಪನಿ ಲೆಕ್ಕ ಹಾಕಿದಾಗ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗೋಕೆ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಜಗತ್ತಿನಲ್ಲಿ ಎರಡನೇ ಸ್ಥಾನ. ಆ ಹತ್ತು ಸೆಕೆಂಡನ್ನು ಅಷ್ಟು ನಿಖರವಾಗಿ ಎಣಿಸಿದವರ ಬಗ್ಗೆ ನನಗೆ ಗೌರವವಿದೆ. ನಾವು ಇಲ್ಲಿ ಗಂಟೆಗಳನ್ನೇ ಎಣಿಸೋದು ಬಿಟ್ಟು ಕಾಲವಾಯಿತು.

"ಯುವಕರು ಹುಬ್ಬಳ್ಳಿಯಂಥ ಊರುಗಳಿಗೆ ಹೋಗಬೇಕು" ಅಂತ ಅವರು ಮೇಜು ಗುದ್ದಿ ಹೇಳಿದರು. ಊಟಕ್ಕೆ ಉತ್ತರ ಕರ್ನಾಟಕದ್ದೇ ಒಂದು ಕೌಂಟರ್ ಇಟ್ಟಿದ್ದರು. ಖಡಕ್ ರೊಟ್ಟಿ ಎಷ್ಟು ಖಡಕ್ ಇತ್ತೆಂದರೆ ಒಬ್ಬರು ಅದನ್ನು ಪಕ್ಕಕ್ಕಿಟ್ಟು ಅದರ ಮೇಲೆ ಪಾಯಸದ ಬಟ್ಟಲು ಇಟ್ಟುಕೊಂಡಿದ್ದರು. ನಾನು ಭಾಷಣಕಾರರ ಪಕ್ಕ ನಿಂತು ಮೆಲ್ಲಗೆ ಕೇಳಿದೆ, "ಸರ್, ತಾವು ಯಾವಾಗ ಹೋಗ್ತೀರಿ?" ಅವರು ನನ್ನನ್ನು ಹುಚ್ಚನ ಹಾಗೆ ನೋಡಿದರು. ಮಕ್ಕಳ ಸ್ಕೂಲು, ಹೆಂಡತಿಯ ಕೆಲಸ, ಕನಕಪುರ ರಸ್ತೆಯ ಫ್ಲ್ಯಾಟಿನ ಸಾಲ ಎಲ್ಲ ಹೇಳಿದರು. ಹೋಗಬೇಕಾದದ್ದು ಯುವಕರು ಅಂತ ಇನ್ನೊಮ್ಮೆ ನೆನಪಿಸಿದರು.

ಅವರನ್ನು ಯಾಕೆ ಅನ್ನಬೇಕು? ಸರ್ಕಾರವೇ ಹೀಗೆ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿ 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳ ಕೈಯಿಂದಲೇ ಉದ್ಘಾಟನೆ ಮಾಡಿಸಿದರು. ಅಂದಿನಿಂದ ಚಳಿಗಾಲ ಬಂದರೆ ಇಡೀ ಸರ್ಕಾರ ಫೈಲು, ಕಾರು, ಸ್ವೆಟರು ಸಮೇತ ಅಲ್ಲಿಗೆ ಹೊರಡುತ್ತದೆ. ಅದೂ ಎಲ್ಲ ವರ್ಷ ಅಲ್ಲ. ಹತ್ತು ದಿನ ಇರುತ್ತಾರೆ. ಉತ್ತರ ಕರ್ನಾಟಕದ ಅಭಿವೃದ್ಧಿಯ ಚರ್ಚೆಯನ್ನು ಎಷ್ಟೋ ಸಲ ಕೊನೇ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಕುಂದಾ ಡಬ್ಬಿ ಕಟ್ಟಿಸಿಕೊಂಡು ವಾಪಸ್. ಖರ್ಚು ಕಮ್ಮಿ ಇರೋ ಊರಿಗೆ ಸ್ಥಳಾಂತರ ಆಗೋದು ಹೇಗೆ ಅಂತ ಇದಕ್ಕಿಂತ ಚೆನ್ನಾಗಿ ಯಾರು ತೋರಿಸಿಕೊಟ್ಟಾರು?

ಅಷ್ಟರಲ್ಲಿ ಅಳಿಯನಿಗೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಕೆಲಸದ ಸ್ಥಳ: ಹುಬ್ಬಳ್ಳಿ. ಮನೆಯವರೆಲ್ಲ ಸಿದ್ಧಾರೂಢ ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದರು. ಸಂದರ್ಶನ ಎಲ್ಲಿ? ವೈಟ್‌ಫೀಲ್ಡ್. ಹುಬ್ಬಳ್ಳಿಯ ಕೆಲಸಕ್ಕೆ ಹುಬ್ಬಳ್ಳಿಯ ಹುಡುಗ ನಾನೂರು ಕಿಲೋಮೀಟರ್ ದೂರದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಹಾಜರಿರಬೇಕು. ರಾತ್ರಿ ಬಸ್ಸಿನಲ್ಲಿ ಬಂದು, ನಮ್ಮ ಮನೆಯಲ್ಲಿ ಮುಖ ತೊಳೆದು, ಟೈ ಕಟ್ಟಿಕೊಳ್ಳೋಕೆ ಬರದೆ ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಸಂಜೆ ಬಂದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಹುಬ್ಬಳ್ಳಿಗೆ ಹೋಗೋಕೆ ನಿಮಗೆ ತೊಂದರೆ ಇಲ್ಲ ತಾನೇ?"

"ನಾ ಅಲ್ಲಿಂದನ ಬಂದೀನ್ರಿ ಸರ್."

"ಓ. ಯಾಕೆ ಹುಬ್ಬಳ್ಳಿನೇ ಬೇಕು?"

"ಮನಿ ಅಲ್ಲೇ ಐತ್ರಿ."

ಸಂದರ್ಶಕರ ಮುಖ ಬಾಡಿತಂತೆ. ಮನೆ ಹತ್ತಿರ ಇರಬೇಕು ಅನ್ನೋ ಹುಡುಗನಲ್ಲಿ ಮುಂದೆ ಬರೋ ಹಂಬಲ ಇರೋದಿಲ್ಲವಂತೆ. ಕೊನೆಗೆ ಕೆಲಸ ಕೊಟ್ಟರು. ಆದರೆ ಮೊದಲ ಎರಡು ವರ್ಷ ಬೆಂಗಳೂರು. ಹುಬ್ಬಳ್ಳಿ ಆಫೀಸಿಗೆ ಅವರು ಅನುಭವ ಇದ್ದವರನ್ನೇ ಕಳಿಸೋದು. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಬದುಕಿದ ಅನುಭವ ರೆಸ್ಯೂಮೆಯಲ್ಲಿ ಲೆಕ್ಕಕ್ಕಿಲ್ಲ.

ಸಂಬಳ ವರ್ಷಕ್ಕೆ ಮೂರೂವರೆ ಲಕ್ಷ. ಈ ಮೂರೂವರೆ ಲಕ್ಷವನ್ನು ನಾನು ಹತ್ತು-ಹದಿನೈದು ವರ್ಷದಿಂದ ಕೇಳುತ್ತಿದ್ದೇನೆ. ಹಾಲಿನ ರೇಟು ಏರಿತು, ಮೆಟ್ರೋ ಟಿಕೆಟ್ 2025ರಲ್ಲಿ 90 ರೂಪಾಯಿವರೆಗೆ ಹೋಯಿತು, ಫ್ರೆಶರ್ ಸಂಬಳ ಮಾತ್ರ ಹಲ್ಮಿಡಿ ಶಾಸನದ ಹಾಗೆ ಒಂದಕ್ಷರ ಅಲುಗಾಡಿಲ್ಲ.

ಹೊರಡೋ ದಿನ ಅಕ್ಕ ಸ್ಟೇಷನ್ನಿನಿಂದ ಫೋನ್ ಮಾಡಿದಳು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, ನಿಮಗೆ ಗೊತ್ತಿರಬಹುದು. 1,507 ಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಗೋರಖ್‌ಪುರದ ದಾಖಲೆ ಮುರಿಯಿತು ಅಂತ ನಾವೆಲ್ಲ ಎದೆ ಉಬ್ಬಿಸಿದ್ದೆವು. ಇಷ್ಟುದ್ದ ಯಾಕೆ ಅಂತ ಅವತ್ತು ಹೊಳೆದಿರಲಿಲ್ಲ. ಊರಿನ ಹುಡುಗರೆಲ್ಲ ಬ್ಯಾಗ್ ಹಿಡಿದು ಸಾಲಾಗಿ ನಿಲ್ಲಬೇಕಲ್ಲ, ಜಾಗ ಬೇಕು. "ಹೆಜ್ಜಿ ಹಾಕಿ ಹಾಕಿ ಕಾಲು ಬಿದ್ದು ಹೋದುವು ತಮ್ಮಾ, ಇವನ ಬೋಗಿ ಇನ್ನೂ ಬರವಲ್ದು" ಅಂದಳು ಅಕ್ಕ. ಒಂದು ಕೈಯಲ್ಲಿ ಶೇಂಗಾ ಚಟ್ನಿ ಡಬ್ಬಿ, ಇನ್ನೊಂದರಲ್ಲಿ ಧಾರವಾಡ ಪೇಡೆ. ಪೇಡೆ ನನಗೆ.

ಬೆಂಗಳೂರಿನ ಪಿಜಿ ನಾನೇ ನೋಡಿಕೊಟ್ಟೆ. ಮಾರತಹಳ್ಳಿಯ ಒಳರಸ್ತೆ. ಒಂದು ಖೋಲಿ, ಮೂರು ಮಂಚ. ಮಂಚಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯಬಹುದು. ಒಬ್ಬ ಪ್ಯಾಂಟ್ ಹಾಕಿಕೊಳ್ಳಬೇಕಾದರೆ ಇನ್ನಿಬ್ಬರು ಕಾಲು ಮಡಚಬೇಕು. ಕಿಟಕಿ ತೆಗೆದರೆ ಇನ್ನೊಂದು ಪಿಜಿಯ ಕಿಟಕಿ. ಗೋಡೆಗೆ ಓನರ್ ಒಂದು ಚೀಟಿ ಅಂಟಿಸಿದ್ದರು: ಒಬ್ಬರಿಗೆ ಎರಡೇ ಬಕೆಟ್. ಅಳಿಯ ಅದರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ. ನಮ್ಮಲ್ಲೂ ನಳಕ್ಕ ವಾರಕ್ಕೊಮ್ಮೆ ನೀರು ಬರ್ತಾವ, ಆದ್ರೂ ಬಕೀಟು ಎಣಿಸಂಗಿಲ್ಲಪಾ ಅಂತ ಅವಳು ಉತ್ತರ ಕಳಿಸಿದಳು. ಸತ್ಯಕ್ಕೆ ಹೇಳಬೇಕು, ಹುಬ್ಬಳ್ಳಿ ಸ್ವರ್ಗ ಏನಲ್ಲ. ಅಲ್ಲಿನ ಧೂಳಿನ ಮೇಲೆ ಇನ್ನೊಂದು ಅಂಕಣ ಬರೆಯಬಹುದು.

ಕಥೆಯ ಒಳ್ಳೆಯ ಭಾಗ ಈಗ ಬರುತ್ತದೆ.

ಹುಬ್ಬಳ್ಳಿ ಕ್ಯಾಂಪಸ್ಸಿಗೆ ಜನ ಬರುತ್ತಿಲ್ಲ ಅಂತ 2024ರಲ್ಲಿ ಒಂದು ದೊಡ್ಡ ಐಟಿ ಕಂಪನಿ ತನ್ನ ನೌಕರರಿಗೆ ದುಡ್ಡು ಕೊಡೋಕೆ ಮುಂದಾಯಿತು. ಅಲ್ಲಿಗೆ ಹೋದರೆ ಹುದ್ದೆ ನೋಡಿಕೊಂಡು 8 ಲಕ್ಷದವರೆಗೆ. ಪೇಪರಿನಲ್ಲೆಲ್ಲ ಬಂತು. ಅಳಿಯನ ಕಂಪನಿ ಬೇರೆ. ಆದರೆ ನೋಡಿ ಕಲಿಯೋದು ಎಲ್ಲರಿಗೂ ಬರುತ್ತದೆ. ಅವರೂ ಒಂದು ಸಣ್ಣ ಮೊತ್ತ ಪ್ರಕಟಿಸಿದರು. ಅವನ ಟೀಮಿನಲ್ಲೇ ಇದ್ದ ಜಯನಗರದ ಒಬ್ಬ ಹುಡುಗ ಥಟ್ಟನೆ ಒಪ್ಪಿದ. ಅವನಿಗೆ ಬಾಡಿಗೆ ಮನೆ ಬೇಕಾಯಿತು. ಅಳಿಯ ಸಹಾಯ ಮಾಡಿದ. ಅಕ್ಕನ ಮಾಳಿಗೆ ಮೇಲಿನ ಖೋಲಿ ಹೇಗೂ ಖಾಲಿ ಇತ್ತಲ್ಲ!

ಹೀಗೆ ಹುಬ್ಬಳ್ಳಿಯ ಹುಡುಗ ಬಾಡಿಗೆ ಕೊಟ್ಟು ಮಾರತಹಳ್ಳಿಯಲ್ಲಿ ಕಾಲು ಮಡಚಿ ಮಲಗಿದ. ಬೆಂಗಳೂರಿನ ಹುಡುಗ ಕಂಪನಿಯ ದುಡ್ಡು ತಗೊಂಡು ಅವನ ಮಂಚದ ಮೇಲೆ ಕೈಕಾಲು ಚಾಚಿ ಮಲಗಿದ. ಪೇರಲ ಹಣ್ಣೂ ಅವನಿಗೇ.

ಆ ಹುಡುಗ ಒಳ್ಳೆಯವನು, ಸುಮ್ನೆ ದೂರಬಾರದು. ಗಿರ್ಮಿಟ್ಟನ್ನು ಒಂದು ಸಲ ಗಾರ್ಮೆಂಟ್ ಅಂದದ್ದು ಬಿಟ್ಟರೆ ಬೇರೆ ತಪ್ಪಿಲ್ಲ. ಆದರೆ ಮೊಬೈಲ್ ತೆಗೆದರೆ ಸಾಕು, ಅವನ ರೀಲ್ಸ್. ಉಣಕಲ್ ಕೆರೆಯ ಸೂರ್ಯಾಸ್ತ. ಧಾರವಾಡಕ್ಕೆ ಹೋಗೋ ಚಿಗರಿ ಬಸ್ಸು: "ಬಸ್ಸಿಗೇ ಪ್ರತ್ಯೇಕ ರಸ್ತೆ ಗುರೂ, ಒಳಗಡೆ ಎಸಿ!" ಸಾವಜಿ ಊಟ ಮಾಡಿ ಕಣ್ಣಲ್ಲಿ ನೀರು ಸುರಿಸುತ್ತ, "ಇದೇ ನಿಜವಾದ ಬದುಕು." ಒಂದು ರೀಲ್‌ನಲ್ಲಿ ಅಕ್ಕನೂ ಬಂದಿದ್ದಾಳೆ. ರೊಟ್ಟಿ ಬಡಿಯುತ್ತಿದ್ದಾಳೆ. ಕೆಳಗೆ ಬರೆದಿದ್ದ: ಹೊಸ ಪದವೀಧರರೇ, ಧೈರ್ಯ ಮಾಡಿ, ಊರು ಬದಲಿಸಿ. ಅದನ್ನು ಅಳಿಯ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಬಿಎಂಟಿಸಿ ಬಸ್ಸಿನೊಳಗೆ ಕಂಬಕ್ಕೆ ಒರಗಿಕೊಂಡು ನೋಡಿದ. ತನ್ನ ಅಮ್ಮನಿಗೆ ಒಂದು ಲೈಕ್ ಒತ್ತಿದ.

ಎರಡು ವರ್ಷ ಕಳೆಯಿತು. ಅಳಿಯನೂ ವರ್ಗಾವಣೆ ಕೇಳಿದ. ಮೇಲಿನವರು ಒಪ್ಪಿದರು. ಸ್ಥಳಾಂತರದ ದುಡ್ಡಿಗೆ ಅರ್ಜಿ ಹಾಕಿದ, ವಾಪಸ್ ಬಂತು. ಎಚ್‌ಆರ್ ಹುಡುಗಿ ಬಹಳ ನಯವಾಗಿ ವಿವರಿಸಿದಳಂತೆ. ಕಂಪ್ಯೂಟರಿನಲ್ಲಿ ಖಾಯಂ ವಿಳಾಸ ಹುಬ್ಬಳ್ಳಿ ಅಂತಿದೆ. ಹೋಗೋದು ಹುಬ್ಬಳ್ಳಿಗೆ. ಹುಬ್ಬಳ್ಳಿಯಿಂದ ಹುಬ್ಬಳ್ಳಿಗೆ ದೂರ ಸೊನ್ನೆ. "ನೀವು ಸ್ಥಳಾಂತರ ಆಗ್ತಿಲ್ಲ ಸರ್, ಮನೆಗೆ ಹೋಗ್ತಿದ್ದೀರ. ಅದಕ್ಕೆ ನಮ್ಮಲ್ಲಿ ಪಾಲಿಸಿ ಇಲ್ಲ."

"ಹಂಗಾರ ನಾ ಎಲ್ಲಿಂದ ಬಂದ್ರ ದುಡ್ಡು ಕೊಡ್ತೀರಿ?"

"ಬೇರೆ ಊರಿನವರಾಗಿದ್ರೆ ಸರ್."

ಭಾನುವಾರ ಅಳಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಆಧಾರ್ ಕಾರ್ಡು. ನಾನು ನನ್ನ ಕರೆಂಟ್ ಬಿಲ್ಲು, ಬಾಡಿಗೆ ಕರಾರು ಎಲ್ಲ ತೆಗೆದೆ. ಏನೇನೋ ಸಹಿ ಹಾಕಿದೆವು. ಹದಿನೈದು ದಿನದಲ್ಲಿ ನಮ್ಮ ಹುಬ್ಬಳ್ಳಿಯ ಹುಡುಗ ವಿಜಯನಗರ, ಬೆಂಗಳೂರು ನಿವಾಸಿಯಾದ. ಅರ್ಜಿ ಪಾಸಾಯಿತು.

ಊರಿಗೆ ಹೋದ ದಿನ ಅಕ್ಕ ಆರತಿ ಎತ್ತಿದಳಂತೆ. ಆಮೇಲೆ ಮೆಲ್ಲಗೆ ಅಂದಳಂತೆ, "ಮ್ಯಾಲಿನ ಖೋಲಿ ಖಾಲಿ ಇಲ್ಲಲ್ಲೋ. ಆ ಹುಡುಗನ ಅಗ್ರಿಮೆಂಟ್ ಇನ್ನೂ ಎಂಟು ತಿಂಗಳು ಐತಿ. ಬಾಡಿಗಿನೂ ಟೈಮಿಗೆ ಸರಿಯಾಗಿ ಕೊಡ್ತಾನ."

ಅಳಿಯ ಗೋಕುಲ ರಸ್ತೆಯ ಕಡೆ ಮನೆ ಹುಡುಕೋಕೆ ಹೊರಟ. ಎರಡು ಕೋಣೆಯ ಒಂದು ಮನೆ ಇಷ್ಟವೂ ಆಯಿತು. ಮಾಲಕರು ಕಟ್ಟೆ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದರು. ಆಧಾರ್ ಕಾರ್ಡನ್ನು ದೂರ ಹಿಡಿದು ಓದಿದರು. ಮುಖ ಅರಳಿತು.

"ಬೆಂಗಳೂರಿನವ್ರೇನ್ರಿ? ಛಲೋ ಆತ್ ಬಿಡ್ರಿ. ಹಂಗಾರ ನಿಮಗ ರೂಢಿ ಇರತೈತಿ. ಅಡ್ವಾನ್ಸ್ ಹತ್ತು ತಿಂಗಳದ್ದು."